ಗಾಂಧಿ ಕ್ಲಾಸಿನಿಂದ: ಬೆಂಚಿನ ಮೇಲೆ ಯಾರೂ ಕೂರಬಾರದು!

ಟಪಾಲಿನಲ್ಲಿ ನಾಯಕಿಯರ ವಿಳಾಸ ಕೇಳುವವರಿಗೇನೂ ಬರವಿಲ್ಲ. ಯಾರ ಪಿಕ್ಚರ್ ನೂರು ದಿನ ಓಡಿತು, ಯಾರದು ಮೂರನೇ ದಿನಕ್ಕೇ ಡಬ್ಬಾ ಸೇರಿತು ಎಂದು ಜಗಳ ಕಾಯುವವರಿಗೂ ಬರವಿಲ್ಲ. ಆದರೆ ಈ ವಾರ ಶಿವನಿಯ ಮಿತ್ರರೊಬ್ಬರು ಕೇಳಿರುವ ಪ್ರಶ್ನೆ ಅಪರೂಪದ್ದು. ಸಿನಿಮಾದ್ದಲ್ಲ, ಆದರೂ ಸಿನಿಮಾದಷ್ಟೇ ಕಷ್ಟದ್ದು.

ವಿಷಯ ಇಷ್ಟೇ. ಮನೆಯಲ್ಲಿ ಮೂರು ಮಕ್ಕಳು. ಅಣ್ಣನ ಮಗನಿಗೆ ಹದಿಮೂರು, ಅವನ ತಂಗಿಗೆ ಎಂಟು, ಅಕ್ಕನ ಮಗುವಿಗೆ ಮೂರು. ಈರುಳ್ಳಿ ಮಾರಿ ಬಂದ ದುಡ್ಡಿನಲ್ಲಿ ಅಣ್ಣ ಒಂದಿಷ್ಟು ಎತ್ತಿಟ್ಟಿದ್ದಾರೆ. ಬೇಸಿಗೆ ರಜಕ್ಕೆ ಎಲ್ಲರನ್ನೂ ವಂಡರ್‌ಲಾಕ್ಕೆ ಕರ್ಕೊಂಡು ಹೋಗೋ ಅಂತ ಜವಾಬ್ದಾರಿಯನ್ನು ತಮ್ಮನ ತಲೆಗೆ ಕಟ್ಟಿದ್ದಾರೆ. ಅವರಿಗೆ ತೋಟ ಬಿಟ್ಟು ಬರಲಾಗದು. ಹೊರಡುವವರು ಅವ್ವ, ಅತ್ತಿಗೆ, ಅಕ್ಕ, ಮೂರು ಮಕ್ಕಳು, ಜೊತೆಗೆ ನಮ್ಮ ಮಿತ್ರರು. ಒಟ್ಟು ಏಳು ಜನ. ಕಡಿಮೆ ಖರ್ಚಿನಲ್ಲಿ ಆಗಬೇಕು, ಯಾರೂ ಅಳಬಾರದು. ಹೇಗೆ?

ಗುರುವೇ, ಮೊದಲು ಶಹಭಾಷ್! ಮೊದಲ ದಿನ ಮೊದಲ ಆಟಕ್ಕೆ ಟಿಕೆಟ್ ಹೊಂದಿಸುವುದು ಹುಡುಗಾಟ. ಏಳು ಜನರನ್ನು ಹೊರಡಿಸಿ, ನಗಿಸಿ, ಕ್ಷೇಮವಾಗಿ ಮನೆ ಮುಟ್ಟಿಸುವುದು ಗಂಡಸ್ತನ. ನೀವೀಗ ನಿರ್ದೇಶಕರು. ನಿರ್ಮಾಪಕರು ನಿಮ್ಮಣ್ಣ. ಹಾಗಾದರೆ ಚಿತ್ರಕಥೆಗೆ ಕೂರೋಣ.

ಈ ಆಟದ ಮೂಲಪುರುಷನೂ ಪಿಕ್ಚರಿನವನೇ!

ಥೀಮ್ ಪಾರ್ಕ್ ಎಂಬ ಪದಾರ್ಥ ಇವತ್ತು ಜಗತ್ತಿನ ತುಂಬ ಹರಡಿದೆಯಲ್ಲ, ಅದಕ್ಕೆ ದಾರಿ ಹಾಕಿದವನು ಸಿನಿಮಾದವನು. ಮಿಕ್ಕಿ ಮೌಸ್ ಕೊಟ್ಟ ವಾಲ್ಟ್ ಡಿಸ್ನಿ. ಅವನು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಿದ್ದ. ಮಕ್ಕಳು ಸುತ್ತುವ ಕುದುರೆಗಳ ಮೇಲೆ ಕೂತು ಕೇಕೆ ಹಾಕುತ್ತಿದ್ದರೆ ಅಪ್ಪ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಅಪ್ಪ ಅಮ್ಮ ಮಕ್ಕಳು ಎಲ್ಲರೂ ಕೂಡಿ ಆಡುವಂಥ ಜಾಗ ಒಂದಿರಬೇಕಲ್ಲ ಎಂದು ಅವನಿಗೆ ಹೊಳೆದದ್ದು ಆ ಬೆಂಚಿನ ಮೇಲೆ. ಅದನ್ನು ಅವನೇ ಹೇಳಿಕೊಂಡಿದ್ದಾನೆ.

1955ರ ಜುಲೈ 17ರ ಭಾನುವಾರ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಮೊದಲ ದಿನ ಮಹಾ ಫಜೀತಿ! ಖೋಟಾ ಟಿಕೆಟ್ ಹಿಡಿದು ಬಂದವರು ರಾಶಿ ರಾಶಿ. ಸುಡುಬಿಸಿಲು. ಕೊಳಾಯಿ ಕೆಲಸದವರ ಮುಷ್ಕರದ ದೆಸೆಯಿಂದ ಕುಡಿಯುವ ನೀರಿನ ನಲ್ಲಿಗಳಿಗೆ ಗತಿಯಿಲ್ಲ. ಆದರೂ ಪಿಕ್ಚರ್ ಎದ್ದಿತು. ಇವತ್ತಿಗೂ ಓಡುತ್ತಿದೆ!

ಈ ಕಥೆ ಯಾಕೆ ಹೇಳಿದೆನೆಂದರೆ, ಆ ಬೆಂಚನ್ನು ನೆನಪಿಡಿ. ಅಪ್ಪ ಅಮ್ಮ ಬೆಂಚು ಬಿಟ್ಟು ಏಳಲಿ ಅಂತ ಹುಟ್ಟಿದ ಪಾರ್ಕು ಅದು. ಆದರೆ ನಮ್ಮ ಕಡೆಯಿಂದ ಹೋದವರನ್ನು ನೋಡಿ. ಗಂಡು ಹುಡುಗರು ಆಕಾಶದಲ್ಲಿ ತಲೆಕೆಳಗಾಗಿ ಕೂಗುತ್ತಿರುತ್ತಾರೆ. ಅವ್ವ, ಅತ್ತಿಗೆ, ಅಕ್ಕ ಕೆಳಗೆ ಚೀಲ, ಚಪ್ಪಲಿ, ಮಗು ಕಾಯುತ್ತಾ ಅದೇ ಬೆಂಚಿನ ಮೇಲೆ. ದುಡ್ಡು ಕೊಟ್ಟು ಒಳಗೆ ಹೋಗಿ ಬೆಂಚು ಕಾಯುವುದಕ್ಕೆ ಬಿಡದಿವರೆಗೆ ಯಾಕೆ ಬೇಕು ಸ್ವಾಮಿ? ಶಿವನಿ ಸ್ಟೇಷನ್ನಿನಲ್ಲೇ ಬೆಂಚುಂಟು!

ಮೂವರು ಕಂಡಕ್ಟರು, ಮೂರು ಕಾನೂನು

ಈಗ ಬಜೆಟ್ಟು. ನಿಮ್ಮದು ಏಳು ಜನರ ತಾರಾಬಳಗ. ಈ ಏಳು ಜನವನ್ನು ಬಸ್ಸಿನವನು ಒಂದು ಥರ ಎಣಿಸುತ್ತಾನೆ, ರೈಲಿನವನು ಇನ್ನೊಂದು ಥರ, ಪಾರ್ಕಿನವನು ಮತ್ತೊಂದು ಥರ. ಇದು ತಿಳಿಯದೆ ಹೊರಟವರಿಗೆ ಗೇಟಿನ ಮುಂದೆ ತಲೆ ತಿರುಗುತ್ತದೆ.

ಮೊದಲು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಮ್ಮ ರಾಜ್ಯದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ರಾಜಹಂಸ, ಏಸಿ, ಮಲಗುವ ಬಸ್ಸು ಇದಕ್ಕೆ ಸೇರುವುದಿಲ್ಲ. ಕೆಂಪು ಬಸ್ಸು ಹತ್ತಬೇಕು, ಆಧಾರ್ ಕಾರ್ಡು ಕೈಯಲ್ಲಿರಬೇಕು. ಅಂದರೆ ಅವ್ವ, ಅತ್ತಿಗೆ, ಅಕ್ಕ, ಎಂಟರ ಹುಡುಗಿ ನಾಲ್ವರೂ ಪುಕ್ಕಟೆ. ಆರು ತುಂಬದ ಮಗುವಿಗೆ ಹೇಗೂ ಟಿಕೆಟ್ಟಿಲ್ಲ. ಉಳಿದವರು ನೀವು, ಹದಿಮೂರರ ಹುಡುಗ. ಏಳು ಜನಕ್ಕೆ ಎರಡೇ ಟಿಕೆಟ್ಟು!

ಎರಡನೆಯದು ರೈಲು. ಐದು ತುಂಬದ ಮಗುವಿಗೆ ಟಿಕೆಟ್ಟಿಲ್ಲ. ಐದರಿಂದ ಹನ್ನೆರಡರೊಳಗೆ ಜನರಲ್ ಬೋಗಿಯಲ್ಲಿ ಅರ್ಧ. ರಿಸರ್ವೇಷನ್ ಮಾಡಿಸಿ ಆ ಮಗುವಿಗೇ ಬೇರೆ ಬರ್ತ್ ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದುಡ್ಡು. ಅವ್ವನಿಗೆ ಹಿಂದೆ ಇದ್ದ ಹಿರಿಯರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಜನರಲ್ ಬೋಗಿಯ ಲೆಕ್ಕಕ್ಕೆ ಐದೂವರೆ ಟಿಕೆಟ್ಟು. ಆದರೆ ತಲೆಗೆ ತಲೆ ನೋಡಿದರೆ ಬಸ್ಸಿಗಿಂತ ರೈಲು ಸೋವಿ. ಜೊತೆಗೆ ಪ್ಯಾಸೆಂಜರ್ ಗಾಡಿ ಶಿವನಿಯಲ್ಲೇ ನಿಲ್ಲುತ್ತದೆ. ಬಸ್ಸಿಗಾದರೆ ಬೀರೂರು, ಕಡೂರು ಅಂತ ಹೋಗಿ ಶಿವಮೊಗ್ಗ ಕಡೆಯಿಂದ ಬರುವ ಬಸ್ಸಿಗೆ ಕಾಯಬೇಕು. ಮೂರರ ಮಗು "ಒಂದಕ್ಕೆ" ಎಂದು ಹಟ ಹಿಡಿದರೆ ರೈಲಿನಲ್ಲಿ ದಾರಿಯುಂಟು, ಬಸ್ಸಿನಲ್ಲಿ ಡ್ರೈವರ್ ಸಾಹೇಬರ ಮರ್ಜಿ. ಎರಡು ಬಸ್ ಟಿಕೆಟ್ಟು ಒಂದು ತಟ್ಟೆಗೆ, ಐದೂವರೆ ರೈಲು ಟಿಕೆಟ್ಟು ಇನ್ನೊಂದು ತಟ್ಟೆಗೆ ಹಾಕಿ ತೂಗಿ ನೋಡಿ ತೀರ್ಮಾನ ಮಾಡಿ.

ಮೂರನೆಯವನೇ ಪಾರ್ಕಿನವನು. ಇವನು ವಯಸ್ಸು ಕೇಳುವುದಿಲ್ಲ, ಅಳೆಯುತ್ತಾನೆ! ವಂಡರ್‌ಲಾದಲ್ಲಿ 85 ಸೆಂಟಿಮೀಟರ್ ಒಳಗಿದ್ದರೆ ಪುಕ್ಕಟೆ. 85ರಿಂದ 140ರವರೆಗೆ ಮಕ್ಕಳ ಟಿಕೆಟ್ಟು. 140 ದಾಟಿದರೆ ದೊಡ್ಡವರ ಟಿಕೆಟ್ಟು. ಸಾಮಾನ್ಯವಾಗಿ ಎರಡು ವರ್ಷದ ಮಗುವೇ 85ರ ಗೆರೆ ಮುಟ್ಟುತ್ತದೆ. ನಿಮ್ಮ ಮೂರರ ಮಗು ರೈಲಿನಲ್ಲಿ, ಬಸ್ಸಿನಲ್ಲಿ ಪುಕ್ಕಟೆಯಾದರೂ ಪಾರ್ಕಿನಲ್ಲಿ ಕಾಸು ಬಿಚ್ಚಲೇಬೇಕು. ಹದಿಮೂರರ ಹುಡುಗ ಇಲ್ಲಿ ದೊಡ್ಡ ಮನುಷ್ಯ. ದೊಡ್ಡವರ ಟಿಕೆಟ್ಟು ಸಾವಿರ ರೂಪಾಯಿ ದಾಟಿದೆ.

ನೋಡಿದಿರಾ? ಅದೇ ಏಳು ಜನ. ಬಸ್ಸಿನಲ್ಲಿ ಎರಡು ಟಿಕೆಟ್ಟು, ರೈಲಿನಲ್ಲಿ ಐದೂವರೆ, ಪಾರ್ಕಿನಲ್ಲಿ ಏಳಕ್ಕೆ ಏಳೂ! ಅಂದಮೇಲೆ ದುಡ್ಡು ಉಳಿಸಬೇಕಾದ ಜಾಗ ದಾರಿಯಲ್ಲ, ಗೇಟು.

ಗೋಡೆಯ ಮೇಲೆ ಎರಡು ಗೆರೆ

ಹೊರಡುವ ಹದಿನೈದು ದಿನ ಮುಂಚೆ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಯಿರಿ. ಒಂದು 85, ಇನ್ನೊಂದು 140. ದರ್ಜಿಯ ಟೇಪು ಸಾಕು. ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ.

ಟಿಕೆಟ್ಟಿಗೆ ಮಾತ್ರವಲ್ಲ ಈ ಗೆರೆ. ಎದೆ ಝಲ್ಲೆನಿಸುವ ದೊಡ್ಡ ಆಟಗಳಿಗೂ ಇಂಥದೇ ಎತ್ತರದ ಗೆರೆ ಇರುತ್ತದೆ, ಹೆಚ್ಚಾಗಿ ಅದೇ 140. ಎಂಟರ ಹುಡುಗಿ ಆ ಗೆರೆ ಮುಟ್ಟುವುದಿಲ್ಲ. ಅಣ್ಣ ಹೋದ, ನನ್ನನ್ನು ಬಿಡಲಿಲ್ಲ ಎಂದು ಸಾಲಿನ ತುದಿಯಲ್ಲಿ ನಿಂತು ಅಳುವ ಹುಡುಗಿಗೆ ಅಲ್ಲಿ ಸಮಾಧಾನ ಹೇಳಲಾಗದು. ಮನೆಯ ಗೋಡೆ ಮುಂದೆ ಹದಿನೈದು ದಿನ ಮುಂಚೆಯೇ ಹೇಳಿದರೆ ಕೇಳುತ್ತಾಳೆ. "ಈ ಗೆರೆ ದಾಟಿದವರಿಗೆ ಅದು, ದಾಟದವರಿಗೆ ಇದು. ನಿನ್ನ ಆಟಕ್ಕೆ ಅಣ್ಣನಿಗೆ ಜಾಗವಿಲ್ಲ" ಅಂತ ಹೇಳಿ ನೋಡಿ. ಬೀಗುತ್ತಾಳೆ!

ಒಂದು ಮಾತು ಖಡಾಖಂಡಿತ. ಚಪ್ಪಲಿಯೊಳಗೆ ಬಟ್ಟೆ ತುರುಕಿ ಎತ್ತರ ಮಾಡುವ ಟ್ರಿಕ್ಕು ಬೇಡ. ಆ ಗೆರೆ ದುಡ್ಡು ಕೀಳುವುದಕ್ಕೆ ಹಾಕಿದ್ದಲ್ಲ, ಅಡ್ಡಪಟ್ಟಿ ಎದೆಗೆ ಸರಿಯಾಗಿ ಕೂರಲಿ ಎಂದು ಹಾಕಿದ್ದು. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟದ ಯಂತ್ರವೇ ಮುರಿದುಬಿದ್ದು ಇಬ್ಬರು ಸತ್ತರು, ಎಷ್ಟೋ ಜನರಿಗೆ ಗಾಯವಾಯಿತು. ಎಲ್ಲ ಸರಿಯಿದ್ದಾಗಲೂ ಯಂತ್ರ ಯಂತ್ರವೇ. ನಮ್ಮೂರ ಜಾತ್ರೆಯ ಜೈಂಟ್ ವೀಲಿನಲ್ಲಿ ಯಾರೂ ಅಳೆಯುವುದಿಲ್ಲ. ಅಲ್ಲಿಯೂ ಮಗುವಿನ ಅಳತೆ ಚಿಕ್ಕಪ್ಪನ ಕಣ್ಣಲ್ಲಿರಬೇಕು.

ಬೆಂಚಿಗೆ ಅಂಟಿಸುವ ಖಳನಾಯಕ ಯಾರು?

ಅಂದ ಹಾಗೆ, ಬಿಡದಿಯ ಹತ್ತಿರ ಜಡೇನಹಳ್ಳಿಯಲ್ಲಿರುವ ಈ ಪಾರ್ಕು ಬಾಗಿಲು ತೆರೆದದ್ದು 2005ರಲ್ಲಿ. ಕಟ್ಟಿದವರು ವಿ-ಗಾರ್ಡ್ ಸ್ಟೆಬಿಲೈಜರಿನ ಕೊಚೌಸೆಫ್ ಚಿಟ್ಟಿಲಪಿಳ್ಳಿ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಮಾಡಿ ಗೆದ್ದು ಇಲ್ಲಿಗೆ ಬಂದರು. ಎಲ್ಲರ ಕಣ್ಣೂ ತಲೆಕೆಳಗಾಗುವ ರೋಲರ್ ಕೋಸ್ಟರ್ ಮೇಲೆ. ಆದರೆ ಮಿತ್ರರೇ, ನಿಮ್ಮ ತಾರಾಬಳಗಕ್ಕೆ ಅದು ಹೀರೋ ಅಲ್ಲ, ಐಟಂ ಸಾಂಗು. ನಿಮ್ಮ ಹೀರೋ ನೀರು! ಅಲೆ ಏಳುವ ಕೊಳ, ನಿಧಾನಕ್ಕೆ ಹರಿಯುವ ಕಾಲುವೆ, ಮಳೆ ಸುರಿಯುವ ಡಿಸ್ಕೋ. ಅಲ್ಲಿ ಹದಿಮೂರರವನು, ಎಂಟರವಳು, ದಂಡೆಯ ಮಗು, ಅರವತ್ತರ ಅವ್ವ ಎಲ್ಲರೂ ಒಂದೇ ಫ್ರೇಮಿನಲ್ಲಿ ಇರಬಹುದು. ಬೇರೆ ಬೇರೆ ವಯಸ್ಸಿನವರು ಕೂಡುವ ಜಾಗ ಅದೊಂದೇ.

ಅಲ್ಲಿಯೇ ಖಳನಾಯಕ ಬರುವುದು. ಯಾರು ಗೊತ್ತೆ? ಬಟ್ಟೆ! ನೀರಿಗೆ ಇಳಿಯಲು ನೈಲಾನ್ ಉಡುಪೇ ಬೇಕು. ಸೀರೆ, ಹತ್ತಿಯ ಚೂಡಿದಾರ್, ಜೀನ್ಸ್, ಲುಂಗಿ ಯಾವುದೂ ನಡೆಯದು. ಗಂಡುಹುಡುಗರು ಒಂದು ಚಡ್ಡಿಯಲ್ಲಿ ಮುಗಿಸುತ್ತಾರೆ. ಹೆಂಗಸರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಅಲ್ಲಿ ಹೋದಮೇಲೆ ಅಂಗಡಿಯ ಬೆಲೆ ನೋಡಿ, ನಾಲ್ಕು ಜನರ ಮುಂದೆ ಹಾಕಿಕೊಳ್ಳಲು ನಾಚಿ, "ನೀವು ಹೋಗ್ರಪ್ಪಾ, ನಾನು ಚೀಲ ನೋಡ್ಕೋತೀನಿ" ಅನ್ನುತ್ತಾರೆ. ನಮ್ಮ ಹುಡುಗರು ಅದನ್ನು ನಿಜವೆಂದೇ ನಂಬಿ ಓಡುತ್ತಾರೆ! ಅತ್ತಿಗೆಗೆ ನೀರು ಬೇಡವಾಗಿತ್ತು ಅಂತಲ್ಲ ಗುರುವೇ, ಬಟ್ಟೆ ಇರಲಿಲ್ಲ.

ಆದ್ದರಿಂದ ನಿಮ್ಮ ಮೊದಲ ಕೆಲಸ ಟಿಕೆಟ್ಟಲ್ಲ. ಅಕ್ಕನನ್ನೂ ಅತ್ತಿಗೆಯನ್ನೂ ಕೂರಿಸಿ ಬಾಯಿಬಿಟ್ಟು ಕೇಳುವುದು. "ನೀರಿಗೆ ಇಳಿಯುತ್ತೀರಾ? ಉದ್ದತೋಳಿನ ನೈಲಾನ್ ಬನಿಯನ್ನು, ಕಾಲು ಮುಚ್ಚುವ ಲೆಗ್ಗಿಂಗ್ಸು ಸಿಗುತ್ತದೆ. ಈಗಲೇ ತರೋಣವಾ?" ನೀವು ಕೇಳಲು ಮುಜುಗರವಾದರೆ ಅಕ್ಕನ ಕೈಲಿ ಅತ್ತಿಗೆಗೆ ಕೇಳಿಸಿ. ಕಡೂರಿನಲ್ಲೋ ತರೀಕೆರೆಯಲ್ಲೋ ಬಟ್ಟೆ ಅಂಗಡಿಯಲ್ಲಿ ಅವರೇ ಆರಿಸಿ ತಂದುಕೊಳ್ಳಲಿ. ಮನೆಯಿಂದಲೇ ಒಯ್ದರೆ ಪಾರ್ಕಿನ ಅಂಗಡಿಯ ಖರ್ಚು ಉಳಿಯಿತು, ಬೆಂಚು ಖಾಲಿಯಾಯಿತು.

ಅವರು ಬೇಡ ಎಂದರೆ? ಖಂಡಿತ ಬಲವಂತ ಬೇಡ. ಆಗ ಏಳು ಟಿಕೆಟ್ ಕೊಳ್ಳುವುದೂ ಬೇಡ! ಲೊಕೇಷನ್ನೇ ಬದಲಾಯಿಸಿ. ಅದನ್ನು ಆಮೇಲೆ ಹೇಳುತ್ತೇನೆ.

ಕಾಲ್‌ಶೀಟು

ಇಳಿಯುತ್ತೇವೆ ಎಂದರು ಅನ್ನಿ. ಆಗ ಹೀಗೆ ಮಾಡಿ.

ವಾರದ ನಡುವಿನ ದಿನ ಆರಿಸಿ. ಶನಿವಾರ ಭಾನುವಾರ ದರವೂ ಜಾಸ್ತಿ, ಸಾಲೂ ಜಾಸ್ತಿ. ಟಿಕೆಟ್ಟನ್ನು ಮೊಬೈಲಿನಲ್ಲಿ ಮುಂಚೆಯೇ ಮಾಡಿಸಿ. ಅವ್ವನಿಗೆ ಅರವತ್ತು ದಾಟಿದ್ದರೆ, ನೀವು ಕಾಲೇಜಿನವರಾಗಿದ್ದರೆ ರಿಯಾಯಿತಿ ಇದೆಯೇ ಎಂದು ವಿಚಾರಿಸಿ ಕಾರ್ಡು ಜೊತೆಗಿಟ್ಟುಕೊಳ್ಳಿ. ಹೊರಡುವ ಮುಂಚೆ ಒಂದು ಫೋನು ಮಾಡಿ, ಪಾರ್ಕು ತೆರೆದಿದೆ ತಾನೇ ಎಂದು ಕೇಳಿ. ನಗಬೇಡಿ! 2025ರ ಅಕ್ಟೋಬರಿನಲ್ಲಿ ಬಿಡದಿಯ ಜಾಲಿವುಡ್ ಸ್ಟುಡಿಯೋಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಬೀಗ ಬಿದ್ದು, ಬಿಗ್ ಬಾಸ್ ಮನೆಯವರೇ ರಾತ್ರೋರಾತ್ರಿ ರೆಸಾರ್ಟಿಗೆ ಗಂಟುಮೂಟೆ ಕಟ್ಟಬೇಕಾಯಿತು. ಆಮೇಲೆ ಬೀಗ ತೆಗೆದರು, ಆ ಮಾತು ಬೇರೆ. ದೊಡ್ಡ ಸ್ಟಾರುಗಳಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ಶಿವನಿಯಿಂದ ಬೆಂಗಳೂರಿಗೆ ರೈಲುಹಾದಿ ಸುಮಾರು 240 ಕಿಲೋಮೀಟರ್. ರಾತ್ರಿಯೆಲ್ಲ ಪ್ರಯಾಣ, ಹಗಲೆಲ್ಲ ಪಾರ್ಕು, ಮತ್ತೆ ರಾತ್ರಿ ಪ್ರಯಾಣ ಎಂಬ ಹುಡುಗರ ಲೆಕ್ಕ ಮೂರರ ಮಗುವಿಗೆ ಆಗದು. ಹಿಂದಿನ ದಿನವೇ ಬೆಂಗಳೂರಿನ ನೆಂಟರ ಮನೆ ಸೇರಿ. ನೆಂಟರಿಲ್ಲದಿದ್ದರೆ ಒಂದು ರಾತ್ರಿ ಸಾಧಾರಣ ಲಾಡ್ಜು. ಲಾಡ್ಜಿನ ದುಡ್ಡು ಜಾಸ್ತಿಯಾಯಿತು ಎನ್ನಬೇಡಿ. ನಿದ್ದೆಗೆಟ್ಟ ಮಗುವಿಗೆ ಕೊಂಡ ಟಿಕೆಟ್ಟು ಪೂರ್ತಿ ದಂಡ. ಬೆಳಿಗ್ಗೆ ಮೆಜೆಸ್ಟಿಕ್ಕಿನಿಂದ ಮೈಸೂರು ರಸ್ತೆಯ ಬಸ್ಸು, ಇಲ್ಲವೇ ಬಿಡದಿಗೆ ಲೋಕಲ್ ರೈಲು.

ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ. ಮಗುವಿನ ಆಹಾರಕ್ಕೆ ಮಾತ್ರ ತಕರಾರಿಲ್ಲ. ಹಾಗಾಗಿ ಅವ್ವನ ಬುತ್ತಿಯನ್ನು ಗೇಟಿನ ಮುಂಚೆ ಬಿಚ್ಚಿ. ರೊಟ್ಟಿ, ಚಟ್ನಿಪುಡಿ, ಮೊಸರನ್ನ ಹೊಟ್ಟೆ ತುಂಬ ತಿಂದು ಒಳಗೆ ಹೋದರೆ ಮಧ್ಯಾಹ್ನ ಒಂದು ಸಲ ಕೊಂಡು ತಿಂದರೆ ಸಾಕು.

ಒಳಗೆ ಪಾಳಿ ಹಾಕಿ. ದೊಡ್ಡವರು ನಾಲ್ವರಿದ್ದೀರಿ, ನೀವು, ಅಕ್ಕ, ಅತ್ತಿಗೆ, ಅವ್ವ. ನೀರಾಟಕ್ಕೆ ಮುಂಚೆ ಮೊದಲ ಒಂದು ಗಂಟೆ ನೀವೂ ಹುಡುಗನೂ ದೊಡ್ಡ ಆಟಕ್ಕೆ ಹೋಗಿ. ಅತ್ತಿಗೆ ಹುಡುಗಿಯ ಜೊತೆ, ಅಕ್ಕ ಮತ್ತು ಅವ್ವ ಮಗುವಿನ ಜೊತೆ ಚಿಕ್ಕ ಆಟಕ್ಕೆ. ಎರಡನೇ ಗಂಟೆ ಮಗುವನ್ನು ನೀವು ಹೊತ್ತುಕೊಳ್ಳಿ, ಅಕ್ಕ ಅತ್ತಿಗೆ ಇಬ್ಬರೂ ತಮಗೆ ಬೇಕಾದ್ದಕ್ಕೆ ಹೋಗಲಿ. ಹೌದು ಸ್ವಾಮಿ, ಆ ಒಂದು ಗಂಟೆ ಬೆಂಚಿನ ಮೇಲೆ ನೀವು! ಹೀರೋಗೆ ಅದೇ ಶೋಭೆ. ಆಮೇಲೆ ಚೀಲವನ್ನೆಲ್ಲ ಲಾಕರಿಗೆ ಹಾಕಿ ಬೀಗ ಜಡಿದು, ಏಳು ಜನವೂ ನೀರಿಗೆ. ಲಾಕರಿನ ಬಾಡಿಗೆ ಉಳಿಸಲು ಹೋಗಿ ಒಬ್ಬರನ್ನು ಕಾವಲಿಗೆ ಕೂರಿಸಿದರೆ ಅವರ ಟಿಕೆಟ್ಟಿನ ದುಡ್ಡೇ ಹೋಯಿತಲ್ಲ!

ಮಾರನೇ ದಿನ ಸಮಯವಿದ್ದರೆ ಪಕ್ಕದ ರಾಮನಗರ. 1975ರ ಆಗಸ್ಟ್ 15ರಂದು ಬಿಡುಗಡೆಯಾದ 'ಶೋಲೆ'ಯ ರಾಮಗಢ ಎದ್ದದ್ದು ಅಲ್ಲಿನ ಬಂಡೆಗಳ ನಡುವೆ. ಆ ಸೆಟ್ಟು ಈಗಿಲ್ಲ, ಬಂಡೆಗಳಿವೆ. ರಾಮದೇವರ ಬೆಟ್ಟದಲ್ಲಿ ಅವ್ವನಿಗೆ ರಾಮನ ದರ್ಶನ, ನಿಮಗೆ ಗಬ್ಬರ್‌ಸಿಂಗನ ದರ್ಶನ! ಆದರೆ ಮೆಟ್ಟಿಲು ಹತ್ತುವ ಶಕ್ತಿ ಎಲ್ಲರಿಗೂ ಉಳಿದಿದ್ದರೆ ಮಾತ್ರ. ಅಭಿಮಾನ ನಿಮ್ಮದು, ಮಂಡಿ ಅವ್ವನದು.

ಇಲ್ಲವೇ ಮೈಸೂರು

ನೀರು ಬೇಡ ಎಂದರೆ, ಅಥವಾ ಮನೆಯಲ್ಲಿ 140ರ ಗೆರೆ ದಾಟದ ಚಿಳ್ಳೆಪಿಳ್ಳೆಗಳೇ ಹೆಚ್ಚಾಗಿದ್ದರೆ, ಕಣ್ಣು ಮುಚ್ಚಿಕೊಂಡು ಮೈಸೂರು. ಬೀರೂರಿನಿಂದ ಅರಸೀಕೆರೆ, ಹಾಸನದ ಮೇಲೆ ರೈಲಿದೆ. 1892ರ ಮೃಗಾಲಯದಲ್ಲಿ ಮೂರರ ಮಗುವೂ ಅರವತ್ತರ ಅವ್ವನೂ ಒಂದೇ ಆನೆ ನೋಡಿ ಒಂದೇ ಥರ ಬಾಯಿ ತೆರೆಯುತ್ತಾರೆ. ಮಂಗಳವಾರ ರಜ, ಮರೆಯಬೇಡಿ. ರೈಲು ನಿಲ್ದಾಣದ ಹತ್ತಿರವೇ 1979ರಿಂದ ಇರುವ ರೈಲ್ವೆ ಮ್ಯೂಸಿಯಂ, ಮಕ್ಕಳಿಗೆ ಪುಟಾಣಿ ರೈಲು. ಸಂಜೆಗೆ ಕೆ.ಆರ್.ಎಸ್. ಬೃಂದಾವನ. ಕಪ್ಪು ಬಿಳುಪಿನ ಕಾಲದಿಂದ ಎಷ್ಟು ನಾಯಕ ನಾಯಕಿಯರು ಆ ಕಾರಂಜಿಗಳ ಸುತ್ತ ಓಡಿದ್ದಾರೋ ಲೆಕ್ಕ ಇಟ್ಟವರಿಲ್ಲ. ಅವ್ವ ಯಾವ ಕಾಲದಲ್ಲೋ ಟೂರಿಂಗ್ ಟಾಕೀಸಿನ ಚಾಪೆ ಮೇಲೆ ಕೂತು ನೋಡಿದ ಜಾಗ! ಭಾನುವಾರ ಸಿಕ್ಕಿದರೆ ರಾತ್ರಿ ಅರಮನೆಯ ದೀಪಾಲಂಕಾರ, ಹೊರಗೆ ನಿಂತು ನೋಡಲು ಕಾಸಿಲ್ಲ.

ಹದಿಮೂರರ ಹುಡುಗ ಮುಖ ಊದಿಸುತ್ತಾನೆ, ಗೊತ್ತು. ಅವನಿಗೆ ಕೊಟ್ಟ ಮಾತು ಮಾತೇ. ಇನ್ನೆರಡು ವರ್ಷಕ್ಕೆ ಎಸ್‌ಎಸ್‌ಎಲ್‌ಸಿ, ಆಮೇಲೆ ಅವನು ನಿಮ್ಮ ಜೊತೆ ಬರುವವನಲ್ಲ, ಗೆಳೆಯರ ಜೊತೆ ಹೋಗುವವನು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲೇ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕಿದೆ. ಉಳಿದವರು ಮೃಗಾಲಯದಲ್ಲಿರುವಾಗ ನೀವಿಬ್ಬರೂ ಅಲ್ಲಿಗೆ ಹೋಗಿಬನ್ನಿ. ಏಳು ಟಿಕೆಟ್ಟಿನ ಜಾಗದಲ್ಲಿ ಎರಡೇ ಟಿಕೆಟ್ಟು. ಸಂಜೆ ಬೃಂದಾವನದಲ್ಲಿ ಎಲ್ಲರೂ ಕೂಡಿ.

ಬಿಡದಿಯೋ ಮೈಸೂರೋ, ಅದನ್ನು ತೀರ್ಮಾನಿಸುವುದು ನಿಮ್ಮ ಆಸೆಯಲ್ಲ, ಹುಡುಗನ ಹಟವೂ ಅಲ್ಲ. ಗೋಡೆಯ ಮೇಲಿನ ಗೆರೆ, ಮತ್ತು ಅಕ್ಕ ಅತ್ತಿಗೆಯರ ಉತ್ತರ. ಎರಡನ್ನೂ ಮನೆಯಲ್ಲೇ ಕೂತು ಪುಕ್ಕಟೆ ತಿಳಿಯಬಹುದು!

ಪಿಕ್ಚರ್ ಹಿಟ್ಟೋ ಫ್ಲಾಪೋ ಎಂದು ತಿಳಿಯಲು ಒಂದು ಉಪಾಯ ಹೇಳಿ ಮುಗಿಸುತ್ತೇನೆ. ವಾಪಸು ಬರುವ ಗಾಡಿ ಅಜ್ಜಂಪುರ ದಾಟಿ ಶಿವನಿ ಹತ್ತಿರವಾಗುವಾಗ ಒಬ್ಬೊಬ್ಬರನ್ನಾಗಿ ಕೇಳಿ, ಯಾವ ಆಟ ಚೆನ್ನಾಗಿತ್ತು ಎಂದು. ಮಕ್ಕಳ ಮಾತು ಗಣನೆಗೆ ತಗೋಬೇಡಿ, ಅವರು ಹೇಗೂ ಕೂಗುತ್ತಾರೆ. ಕೊನೆಗೆ ಅವ್ವನನ್ನು ಕೇಳಿ. "ನಂದೇನಪ್ಪಾ, ನಾನು ಚೀಲ ನೋಡ್ಕೊಂಡಿದ್ದೆ" ಅಂದರೆ ಡಬ್ಬಾ. "ಆ ನೀರಲ್ಲಿ ನನ್ನ ಕಾಲೇ ನೆಲಕ್ಕೆ ಸಿಗ್ಲಿಲ್ಲ ಕಣೋ" ಅಂತ ಬಾಯಿ ಮುಚ್ಚಿಕೊಂಡು ನಕ್ಕರೆ, ಗುರುವೇ, ಶತದಿನೋತ್ಸವ!